ಶಾಮಿಯಾನದತ್ತೆಯ ಫೋನು

ಯಲಹಂಕದ ಕಡೆ ಗಂಡು ಒಪ್ಪಿ, ಹೆಣ್ಣು ಒಪ್ಪಿ, ಜಾತಕ ಕೂಡಿ, ಬೀಗರಿಬ್ಬರೂ ತಾಂಬೂಲ ಬದಲಾಯಿಸಿದ ಮೇಲೂ ಇನ್ನೊಂದು ಒಪ್ಪಿಗೆ ಬಾಕಿ ಇರುತ್ತದೆ. ಅದು ನಮ್ಮ ಅತ್ತೆಯದು!

ಉತ್ಪ್ರೇಕ್ಷೆ ಅಂದ್ಕೊಂಡಿರಾ? ಸ್ವಲ್ಪ ಇರಬಹುದು. ನಮ್ಮಪ್ಪನ ಅಕ್ಕ ಪುಟ್ಟೇನಹಳ್ಳಿಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಾರೆ. ಬೇರೆ ಅಂಗಡಿಯವರು ಫೋನ್ ಎತ್ತಿದರೆ ‘ಎಷ್ಟು ಕುರ್ಚಿ, ಯಾವತ್ತು, ಎಲ್ಲಿಗೆ’ ಅಂತ ಕೇಳುತ್ತಾರೆ. ಅತ್ತೆ ಕೇಳುವುದು ಬೇರೆ.

“ಹುಡುಗ ಏನ್ಮಾಡ್ಕೊಂಡಿದಾನೆ?”

“ಮೇಡಂ, ನಮಗೆ ಇನ್ನೂರು ಕುರ್ಚಿ...”

“ಕುರ್ಚಿ ಎಲ್ಲಿಗೂ ಓಡಿಹೋಗಲ್ಲ ಕಣ್ರೀ. ಹುಡುಗ ಓಡಿಹೋಗೋ ಪೈಕಿನಾ, ಅದು ಹೇಳಿ.”

ಒಮ್ಮೆ ಕೆಂಪಾಪುರದ ಹುಡುಗನೊಬ್ಬ ತನ್ನ ಮದುವೆಗೆ ತಾನೇ ಬುಕ್ ಮಾಡಲು ಫೋನ್ ಮಾಡಿದ್ದ. ಅತ್ತೆಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೊಡುತ್ತಾ, ಹುಡುಗಿಗೆ ಈ ಮದುವೆ ಇಷ್ಟ ಇಲ್ವೇನೋ ಅನ್ನುವ ಅನುಮಾನವನ್ನೂ ಬಾಯಿಬಿಟ್ಟ. “ಮೊದಲು ಅವಳನ್ನ ಕೇಳ್ಕೊಂಡು ಬಾರಪ್ಪ, ಅಡ್ವಾನ್ಸ್ ಆಮೇಲೆ ಕೊಡುವಂತೆ” ಅಂತ ಅತ್ತೆ ಫೋನ್ ಇಟ್ಟೇಬಿಟ್ಟರು. ವ್ಯಾಪಾರ ಮಾಡೋರು ಆಡೋ ಮಾತೇ ಇದು? ವಾರ ಕಳೆದು ಅವನೇ ಮತ್ತೆ ಫೋನ್ ಮಾಡಿದ. ಹುಡುಗಿಗೆ ಅಷ್ಟು ದಿನ ಕೋಪ ಇದ್ದದ್ದೇ ತನ್ನನ್ನು ಯಾರೂ ಕೇಳಲಿಲ್ಲ ಅಂತ. ಕೇಳಿದ್ದಕ್ಕೆ ಹೂಂ ಅಂದಳಂತೆ, ಜೊತೆಗೆ ಅವಳ ಫ್ರೆಂಡ್ಸಿಗೆ ಐವತ್ತು ಕುರ್ಚಿ ಎಕ್ಸ್‌ಟ್ರಾ ಬೇಕಂತೆ!

ಈ ಸಾಮ್ರಾಜ್ಯವೆಲ್ಲ ನಿಂತಿದ್ದದ್ದು ಒಂದು ಹಳೆಯ ಲ್ಯಾಂಡ್‌ಲೈನ್ ಮೇಲೆ. ಆ ನಂಬರು ಪ್ರತಿ ಕುರ್ಚಿಯ ಬೆನ್ನಿಗೂ, ಪ್ರತಿ ಕೊಳಗದ ತಳಕ್ಕೂ ಬಿದ್ದಿತ್ತು. ಮೊಬೈಲ್ ಒಂದು ಇತ್ತು, ಆದರೆ ಅದರಲ್ಲಿ ಬುಕಿಂಗ್ ತೆಗೆದುಕೊಳ್ಳುತ್ತಿರಲಿಲ್ಲ. “ಮೊಬೈಲು ಬಸ್ಸಲ್ಲಿ ನೇತಾಡ್ಕೊಂಡು ಮಾತಾಡೋಕೆ. ಮದುವೆ ಮಾತು ಕೂತ್ಕೊಂಡು ಆಡ್ಬೇಕು.” ಇದು ಅತ್ತೆಯ ಸಿದ್ಧಾಂತ.

ಹೋದ ವರ್ಷ ಯಾರೋ ಬಂದು ರಸ್ತೆ ಅಗೆದರು. ಯಾಕೆ ಅಗೆದರು ಅಂತ ಬೆಂಗಳೂರಲ್ಲಿ ಯಾರೂ ಕೇಳುವುದಿಲ್ಲ, ಬಿಡಿ. ಗುಂಡಿ ಮುಚ್ಚುವಾಗ ಫೋನೂ ಒಳಗೇ ಸೇರಿಹೋಯಿತು. ನೋಡಲು ಬಂದ ಲೈನ್‌ಮನ್, “ಅಮ್ಮ, ಈ ತಂತಿ ಇನ್ನು ಎದ್ದೇಳಲ್ಲ. ಇಂಟರ್‌ನೆಟ್ ಫೋನ್ ಹಾಕಿಸ್ಕೊಂಡ್ಬಿಡಿ” ಅಂದು, ಸಾವಿನ ಮನೆಯಿಂದ ಹೊರಡುವವನಂತೆ ಹೇಳದೆ ಹೊರಟುಹೋದ. ಎದುರಿಗೆ ಮಾಘಮಾಸ, ಮದುವೆ ಸೀಸನ್. ಜನ ಫೋನ್ ಮಾಡಿ ಮಾಡಿ ಸಾಕಾಗಿ, ಪಕ್ಕದ ಬೀದಿಯ ಅಂಗಡಿಗೆ ಹೋಗತೊಡಗಿದರು.

ಆಗ ನನಗೆ ಬುಲಾವ್ ಬಂತು. ನಾನು ಯಶವಂತಪುರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಹಿಂದೊಮ್ಮೆ ಅತ್ತೆಯ ಮನೆಯ ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿದ್ದೆ. ಅದು ಕೆಲಸ ಮಾಡಿಬಿಟ್ಟಿತು. ಅಂದಿನಿಂದ ನಮ್ಮ ಬಂಧುಬಳಗದಲ್ಲಿ ನಾನೇ ವಿಜ್ಞಾನಿ! “ನಿಂಗೆ ಇವೆಲ್ಲ ಗೊತ್ತಲ್ಲ, ಒಳ್ಳೇ ಕಂಪನಿ ನೋಡಿ ಕರ್ಕೊಂಡು ಬಾರೋ” ಅಂದರು ಅತ್ತೆ, ಗಂಡು ಹುಡುಕಲು ಹೇಳುವ ಧಾಟಿಯಲ್ಲೇ.

ಮೊದಲು ಬಂದವನು ಟೈ ಕಟ್ಟಿದ ಚೆಲುವ. ಗೋಡೌನಿನಲ್ಲಿ, ಮಡಿಸಿಟ್ಟ ಶಾಮಿಯಾನಗಳ ಮಧ್ಯೆ ಲ್ಯಾಪ್‌ಟಾಪ್ ತೆರೆದು ಕೂತ.

“ಮೇಡಂ, ಇದಕ್ಕೆ ತಂತಿಗಿಂತಿ ಏನೂ ಇಲ್ಲ. ನಿಮ್ಮ ಫೋನ್ ಸಿಸ್ಟಮ್ ಎಲ್ಲಾ ಕ್ಲೌಡ್‌ನಲ್ಲಿರುತ್ತೆ.”

“ಎಲ್ಲಿ?”

“ಕ್ಲೌಡ್. ಅಂದ್ರೆ... ಮೋಡ ಮೇಡಂ.”

ಅತ್ತೆ ತಲೆಯೆತ್ತಿ ಅವನನ್ನು ನೋಡಿದರು. “ಏನಪ್ಪಾ, ನಾನು ಈ ಅಂಗಡಿ ಇಟ್ಟಾಗಿಂದ ಮೋಡ ಕಂಡರೆ ತಾಡಪಾಲು ಹುಡುಕ್ತೀನಿ. ನೀನು ನನ್ನ ಫೋನನ್ನೇ ತಗೊಂಡೋಗಿ ಅಲ್ಲಿಡ್ತೀಯಾ?”

ನಾನು ನಡುವೆ ಬಾಯಿ ಹಾಕಿ, ಮೋಡ ಅಂದರೆ ಬರೀ ಹೆಸರು, ಎಲ್ಲೋ ಒಂದು ದೊಡ್ಡ ಕಂಪ್ಯೂಟರ್ ಇರುತ್ತದೆ ಅಂತೆಲ್ಲ ವಿವರಿಸಿದೆ. ಅತ್ತೆ ಒಪ್ಪಿದರು. ಆದರೆ ಹಳೇ ನಂಬರ್ ಸಿಗುವುದಿಲ್ಲ, ಹೊಸ ನಂಬರ್ ತಗೋಬೇಕು ಅಂತ ಅವನೆಂದಾಗ ಎದ್ದುನಿಂತರು. “ಹೊಸ ನಂಬರಾ? ಊರು ತುಂಬಾ ಹೋಗಿರೋ ನನ್ನ ಕುರ್ಚಿಗಳಿಗೆ ಅಮ್ಮ ಮನೆ ಬದಲಾಯಿಸಿದ್ಲು ಅಂತ ನೀನು ಹೇಳ್ತೀಯಾ?”

ಎರಡನೆಯವನು ಹಾಗಲ್ಲ, ಜಾಣ. ನಂಬರಿನ ಸುದ್ದಿಯನ್ನೇ ಎತ್ತದೆ, ಗ್ರಾಹಕರು ಫೋನ್ ಮಾಡಿದರೆ ತಾನೇ ಮಾತಾಡುವ ಯಂತ್ರ ತೋರಿಸಿದ. “ಕೇಳಿ ಅಮ್ಮ. ಮದುವೆಗಾಗಿ ಒಂದನ್ನು ಒತ್ತಿ, ನಾಮಕರಣಕ್ಕಾಗಿ ಎರಡನ್ನು ಒತ್ತಿ, ಗೃಹಪ್ರವೇಶಕ್ಕಾಗಿ ಮೂರನ್ನು ಒತ್ತಿ...”

ಅತ್ತೆಗೆ ಖುಷಿಯಾಯಿತು. ತುಸು ಹೊತ್ತು ಮಗುವಿನ ಹಾಗೆ ಒಂದೊಂದೇ ಒತ್ತಿ ನೋಡಿದರು. ಆಮೇಲೆ ಥಟ್ಟನೆ, “ಸಾವಿಗೆ?” ಅಂದರು.

“ಅದು... ನಾಲ್ಕು ಇಡೋಣ ಅಮ್ಮ.”

“ಅಪ್ಪನ್ನ ಕಳ್ಕೊಂಡೋನು ಬೆಳಗ್ಗೆ ಬೆಳಗ್ಗೆ ಬಾಗಿಲಿಗೊಂದು ಶಾಮಿಯಾನ ಬೇಕು ಅಂತ ಫೋನ್ ಮಾಡಿದ್ರೆ, ಮೊದಲು ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಾ ಕೇಳಿಸ್ಕೊಂಡು ನಾಲ್ಕು ಒತ್ತಬೇಕಾ?”

“ಹಾಗಾದ್ರೆ ಅದನ್ನೇ ಒಂದು ಮಾಡೋಣ ಅಮ್ಮ.”

“ಮದುವೆ ಮನೆಯೋರು ಫೋನ್ ಮಾಡಿದ್ರೆ ಮೊದಲು ಸಾವಿಗಾಗಿ ಒಂದನ್ನು ಒತ್ತಿ ಅನ್ನುತ್ತಾ?”

ಬಡಪಾಯಿ ಹುಡುಗ ಬೆವರು ಒರೆಸಿಕೊಂಡ. ನಿಮಗೇನಾದರೂ ಉತ್ತರ ಹೊಳೆಯುತ್ತಾ?

ಹೀಗೆ ಬಂದವರೆಲ್ಲ ಕಾಫಿ ಕುಡಿದು ಹೋದರು. ನನಗೆ ಅರ್ಥವಾಗದೆ ಇದ್ದದ್ದು ಇನ್ನೊಂದು. ಅತ್ತೆ ಪ್ರತಿಯೊಬ್ಬರ ಹತ್ತಿರವೂ ಅವರ ಕಸ್ಟಮರ್ ಕೇರ್ ನಂಬರ್ ಇಸಿದುಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಮೊಬೈಲ್ ಹಿಡಿದು ಒಳಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗೆ ಬಂದಾಗ ಮುಖ ಗಂಟಿಕ್ಕಿರುತ್ತಿತ್ತು. “ಬೇಡ. ಅವಸರದ ಕಂಪನಿ.” ಅಷ್ಟೇ ತೀರ್ಪು, ಮೇಲ್ಮನವಿ ಇಲ್ಲ! ಅತ್ಯಂತ ಅಗ್ಗದ ಕಂಪನಿಯೂ ಅವಸರದ್ದು, ಅತ್ಯಂತ ದುಬಾರಿಯದೂ ಅವಸರದ್ದು. “ಅತ್ತೆ, ಫೋನ್ ಕಂಪನಿ ಅವಸರ ಮಾಡಿದ್ರೆ ಒಳ್ಳೇದೇ ಅಲ್ವಾ?” ಅಂದೆ. “ನಿಂಗೆ ಪ್ರಿಂಟರ್ ಬಿಟ್ರೆ ಬೇರೇನೂ ಗೊತ್ತಿಲ್ಲ” ಅಂದರು.

ಕೊನೆಗೆ ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮೇಲಿನ ಸಣ್ಣ ಆಫೀಸಿನ ವಿಷಯ ಯಾರೋ ಹೇಳಿದರು. ಹೋಗಿ ಅವರ ನಂಬರ್ ತಂದುಕೊಟ್ಟೆ. ಅತ್ತೆ ಎಂದಿನಂತೆ ಒಳಗೆ ಹೋದರು. ಆವತ್ತು ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಾಫಿ ಲೋಟ ಕೊಡಲು ಹೋದವನು ಹೊಸ್ತಿಲಲ್ಲೇ ನಿಂತೆ.

ಒಳಗೆ ಫೋನ್ ಹಿಡಿದಿದ್ದವರು ಅತ್ತೆಯಲ್ಲ, ಮಾವ.

ಮಾವನಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು. ಕೈಕಾಲು ಬಹುಮಟ್ಟಿಗೆ ಸರಿಹೋಯಿತು, ಮಾತು ಮಾತ್ರ ಹೋಗಿ, ತುಂಡು ತುಂಡಾಗಿ ಹಿಂತಿರುಗಿತು. ಹೇಳಬೇಕಾದದ್ದು ಪೂರ್ತಿ ಒಳಗಿರುತ್ತದೆ, ಹೊರಗೆ ಬರಲು ಹೊತ್ತಾಗುತ್ತದೆ. ಅದಕ್ಕೆ ಮೊದಲು ಅಂಗಡಿಯ ಫೋನೆಲ್ಲ ಅವರದೇ. ಅವರ “ಹಲೋ”ಗೆ ಕಂಬವಿಲ್ಲದೆ ಶಾಮಿಯಾನ ನಿಲ್ಲುತ್ತದೆ ಅಂತ ಆಳುಗಳು ನಗುತ್ತಿದ್ದರು.

“ನಮ್... ನಮ್ದು... ಶಾ...” ಮಾವ ನಿಲ್ಲಿಸಿದರು. ಸ್ಪೀಕರಿನಲ್ಲಿ ಮೌನ. ಲೈನ್ ಕಟ್ ಆಯಿತು ಅಂದುಕೊಂಡೆ. ಅತ್ತೆ ಸೆರಗಿನ ತುದಿ ಹಿಡಿದು ಮೊಬೈಲನ್ನೇ ದಿಟ್ಟಿಸುತ್ತಿದ್ದರು.

“ಇದೀನಿ ಅಂಕಲ್, ಆರಾಮಾಗಿ ಹೇಳಿ” ಅಂತು ಆ ಕಡೆಯಿಂದ ಒಂದು ಹೆಣ್ಣುದನಿ. ನಜೀಮಾ ಅಂತ ಆಮೇಲೆ ಗೊತ್ತಾಯಿತು.

“ಶಾ...ಮಿಯಾನ. ಕ...ರೆಂಟ್ ಹೋದ್ರೆ... ಫೋನು?”

“ಅದೂ ಹೋಗುತ್ತೆ ಅಂಕಲ್, ಸುಳ್ಳು ಹೇಳಲ್ಲ. ಕಾಲ್ ಆಗ ನಿಮ್ಮ ಮೊಬೈಲಿಗೆ ಬರೋ ಹಾಗೆ ಮಾಡಿಕೊಡ್ತೀನಿ. ಇನ್ನೇನಾದ್ರೂ ಕೇಳ್ಬೇಕಾ?”

ಮಾವನಿಗೆ ಕೇಳಬೇಕಾದದ್ದು ಬಹಳ ಇತ್ತು. ಒಂದೊಂದೇ ಕೇಳಿದರು. ಆ ಹುಡುಗಿ ಒಂದು ಪದವನ್ನೂ ಅವರ ಬಾಯಿಂದ ಕಿತ್ತುಕೊಳ್ಳಲಿಲ್ಲ, ತಾನೇ ಊಹಿಸಿ ಪೂರ್ತಿ ಮಾಡಲೂ ಇಲ್ಲ.

ಅತ್ತೆ ಹೊರಗೆ ಬಂದು, “ಇದೇ ಕಂಪನಿ” ಅಂದರು.

“ಹಳೇ ನಂಬರ್ ಇವರ ಹತ್ರಾನೂ ಸಿಗಲ್ಲ ಅತ್ತೆ!”

“ಹೋಗ್ಲಿ ಬಿಡು. ಕುರ್ಚಿಗೆ ಬೇರೆ ಬಣ್ಣ ಬಳಿದ್ರಾಯ್ತು.” ಆಮೇಲೆ ದನಿ ತಗ್ಗಿಸಿದರು. “ಕಾಯಿಲೆ ಆದ್ಮೇಲೆ ಒಂದಿನ ಇವರು ಫೋನ್ ಎತ್ತಿದ್ರು ಕಣೋ. ಆ ಕಡೆಯೋನು, ಬೆಳಗ್ಗೇನೇ ಕುಡಿದಿದೀಯೇನಯ್ಯ ಅಂತ ಬೈದು ಇಟ್ಬಿಟ್ಟ. ಅವತ್ತಿಂದ ಮುಟ್ಟಿಲ್ಲ. ಈಗ ಹೆಂಗೂ ಹೊಸ ಫೋನು ಬರ್ತಿದೆ. ಬೇರೆ ಕಂಪನಿಯೋರಿಗೂ ಇವರ ಕೈಲೇ ಮಾಡಿಸ್ದೆ. ಹಲೋ ಹಲೋ ಅಂದು ಇಟ್ಬಿಟ್ರು, ಎಲ್ಲರೂ.”

ವಾರದೊಳಗೆ ಎರಡು ಫೋನ್ ಬಂದವು. ಒಂದು ಗೋಡೌನಿನಲ್ಲಿ ಅತ್ತೆಯ ಮೇಜಿಗೆ, ಇನ್ನೊಂದು ಅಂಗಳದಾಚೆ ಮಾವನ ಕುರ್ಚಿಯ ಪಕ್ಕಕ್ಕೆ. ಕಾಲ್ ಬಂದರೆ ಎರಡೂ ಒಟ್ಟಿಗೆ ಹೊಡೆಯುತ್ತವೆ. ಯಾರಾದರೊಬ್ಬರು ಎತ್ತಿದರೆ ಇನ್ನೊಂದು ಸುಮ್ಮನಾಗುತ್ತದೆ. ಶುರುವಿನ ದಿನಗಳಲ್ಲಿ ಎತ್ತಿದ್ದೆಲ್ಲ ಅತ್ತೆಯೇ. ಮಾವ ಫೋನನ್ನು ನೋಡುತ್ತಿದ್ದರು, ಫೋನು ಮಾವನನ್ನು ನೋಡುತ್ತಿತ್ತು.

ಒಂದು ಭಾನುವಾರ ನಾನು ಗೋಡೌನಿನಲ್ಲಿ ಕುರ್ಚಿಗಳಿಗೆ ಹೊಸ ನಂಬರ್ ಬರೆಯುತ್ತಿದ್ದೆ. ವಿಜ್ಞಾನಿಗೆ ಸಿಕ್ಕ ಬಡ್ತಿ ಅದು! ಫೋನ್ ಹೊಡೆಯಿತು. ಅತ್ತೆ ಕೈ ಚಾಚಿದರು. ಚಾಚಿದ ಕೈ ಹಾಗೇ ನಿಂತಿತು. ಇನ್ನೊಂದು ಸಲ ಹೊಡೆಯಿತು. ಮತ್ತೊಂದು ಸಲ. “ಅತ್ತೆ, ಕಟ್ ಆಗಿಬಿಡುತ್ತೆ” ಅಂದೆ. ಸುಮ್ಮನಿರು ಅಂತ ಕಣ್ಣಲ್ಲೇ ಗದರಿದರು.

ಫೋನ್ ನಿಂತುಹೋಯಿತು.

ಅಂಗಳದಾಚೆ ತೆರೆದ ಕಿಟಕಿಯಿಂದ ಮಾವನ ದನಿ ಕೇಳಿತು. “ಹ...ಲೋ.” ಜನ್ಮದಲ್ಲಿ ಸುಮ್ಮನಿದ್ದು ಗೊತ್ತಿಲ್ಲದ ನಮ್ಮ ಅತ್ತೆ ಉಸಿರು ಬಿಗಿಹಿಡಿದು ನಿಂತಿದ್ದರು. ಆ ಕಡೆಯವರು ಅಮ್ಮ ಇಲ್ವಾ ಅಂತ ಕೇಳಿರಬೇಕು.

“ಇ...ದಾಳೆ” ಅಂದರು ಮಾವ. “ನಾ...ನೂ ಇದೀನಿ. ಹೇ...ಳಿ.”