ಫೆಬ್ರವರಿ ಮೂವತ್ತು

ಮರುಳಪ್ಪನ ಮನೆಯಲ್ಲಿ ಎರಡು ಬೀರುಗಳಿದ್ದವು. ಒಂದರಲ್ಲಿ ಹೆಂಡತಿ ಉಷಾರಾಣಿಯ ಸೀರೆಗಳು, ಗಂಡನ ಷರ್ಟು ಪಂಚೆಗಳು, ಮಗಳು ಸಿರಿಯ ಚೂಡಿದಾರಗಳು, ರೇಷನ್ ಕಾರ್ಡು, ಎಂದೋ ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಕಾರ್ಡು ಎಲ್ಲವೂ ಉಸಿರು ಬಿಗಿಹಿಡಿದುಕೊಂಡು ಒಂದರ ಮೇಲೊಂದು ಕೂತಿದ್ದವು. ಇನ್ನೊಂದರಲ್ಲಿ ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಮತ್ತು ಆರನೇ ಜಾರ್ಜ್ ಇಪ್ಪತ್ತೆರಡು ಆಲ್ಬಮ್ಮುಗಳಲ್ಲಿ ಅಂಚೆಚೀಟಿಗಳಾಗಿ ಆರಾಮವಾಗಿ ವಾಸವಾಗಿದ್ದರು.

"ದೇಶ ಬಿಟ್ಟು ಹೋಗಿ ಎಂಬತ್ತು ವರ್ಷ ಆಗ್ತಾ ಬಂತು. ನನ್ನ ಬೀರು ಬಿಟ್ಟು ಹೋಗೋದು ಯಾವಾಗಂತೆ?" ಎಂದು ಉಷಾರಾಣಿ ದೀಪಾವಳಿಯ ಮರುದಿನ ಕೇಳಿದಳು. ಉತ್ತರಕ್ಕೆ ಕಾಯದೆ ತೀರ್ಪನ್ನೂ ಕೊಟ್ಟಳು. "ನವೆಂಬರ್ ಮುಗಿಯೋದ್ರೊಳಗೆ ಖಾಲಿ ಮಾಡಿ. ಇಲ್ಲಾಂದ್ರೆ ಡಿಸೆಂಬರ್ ಒಂದನೇ ತಾರೀಖು ಗುಜರಿಯೋನನ್ನ ಕರೀತೀನಿ."

ಅರಸೀಕೆರೆಯ ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಗೋಣಿಚೀಲ, ಹಗ್ಗ ಮಾರುವ ಮರುಳಪ್ಪನಿಗೆ ಮೂವತ್ತು ವರ್ಷಗಳಿಂದ ಈ ಚೀಟಿಗಳೇ ಪ್ರಾಣ. ಅಚ್ಚಿನಲ್ಲಿ ತಪ್ಪಿರುವ ಒಂದೇ ಒಂದು ಅಪರೂಪದ ಚೀಟಿ ತನ್ನ ಕೈಗೆ ಸಿಗಬೇಕು, ಅದನ್ನು ತಿಳಿದವರೊಬ್ಬರು ನೋಡಿ ಭೇಷ್ ಎನ್ನಬೇಕು ಎಂಬುದು ಅವನ ಆಸೆ. ಒಮ್ಮೆ ತಲೆಕೆಳಗಾಗಿ ಅಚ್ಚಾದ ರಾಜ ಸಿಕ್ಕಿದ್ದಾನೆಂದು ಬೀದಿಗೆಲ್ಲ ಸಕ್ಕರೆ ಹಂಚಿದ್ದ. ಒಂದು ವಾರವಾದ ಮೇಲೆ ಸಿರಿ ಲಕೋಟೆಯನ್ನು ತಿರುಗಿಸಿ ಹಿಡಿದಾಗ ರಾಜ ನೆಟ್ಟಗಾಗಿದ್ದ. ಅಂದಿನಿಂದ ಮನೆಯಲ್ಲಿ ಮರುಳಪ್ಪನ ಮಾತಿಗೆ ಹಳೆಯ ಅಂಚೆಚೀಟಿಯಷ್ಟೇ ಚಲಾವಣೆಯಿತ್ತು.

ಕೊನೆಗೆ ಡಿಸೆಂಬರ್ ಒಂದು ಬಂದೇಬಿಟ್ಟಿತು. ಉಷಾರಾಣಿ ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ನಿಂತು ಗುಜರಿಯವನ ಕೂಗಿಗೆ ಕಿವಿಗೊಟ್ಟಿದ್ದಾಗ ಮರುಳಪ್ಪನ ಫೋನು ಬಡಿದುಕೊಂಡಿತು. ಬೆಂಗಳೂರಿನ ಶಶಿಧರ್ ಎನ್ನುವವರು, ದೊಡ್ಡ ಸಂಗ್ರಹಕಾರರು. ಮಂಡಿಯೊಂದನ್ನು ಕೆಡವುವಾಗ ಅಟ್ಟದ ಮೇಲೆ ಸಿಕ್ಕಿದ್ದ ಹಳೆಯ ಲಕೋಟೆಯ ಫೋಟೋವನ್ನು ಸಿರಿ ಅಪ್ಪನ ಫೋನಿನಿಂದ ಸಂಗ್ರಹಕಾರರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಅದನ್ನು ನೋಡಿ ಮಾಡಿದ ಫೋನು.

"ಐದನೇ ಜಾರ್ಜು ಸಾರ್, ಒಂದಾಣೆ, ಕಂದು ಬಣ್ಣ" ಎಂದು ಮರುಳಪ್ಪ ಶುರುಮಾಡಿದ.

"ಸ್ಟಾಂಪು ಬಿಡಿ ಸಾರ್, ಅದು ಬೇಕಾದಷ್ಟು ಸಿಗತ್ತೆ. ಅದರ ಮೇಲಿರೋ ಮೊಹರು ನೋಡಿದ್ರಾ? ಬಿಲ್ವನಕೊಪ್ಪಲು ಪೋಸ್ಟಾಫೀಸು. ತಾರೀಖು ಓದಿ."

ಮರುಳಪ್ಪ ಲಕೋಟೆಯನ್ನು ಕಣ್ಣಿನ ಹತ್ತಿರ ತಂದುಕೊಂಡ. "ಮೂವತ್ತು... ಫೆಬ್ರವರಿ... ಮೂವತ್ತೈದು."

"ಫೆಬ್ರವರಿ ಮೂವತ್ತು ಎಲ್ಲಾದ್ರೂ ಉಂಟಾ ಸಾರ್? ಪುಣ್ಯಾತ್ಮ ಪೋಸ್ಟ್‌ಮಾಸ್ಟರು ತಿಂಗಳು ಮುಗಿದಿದ್ದೇ ಗೊತ್ತಾಗದೆ ದಿನದ ಅಂಕಿ ಮಾತ್ರ ಮುಂದಕ್ಕೆ ತಳ್ಕೊಂಡು ಹೋಗಿದಾನೆ! ಇಂಥದ್ದು ನಾನು ನೋಡೇ ಇಲ್ಲ. ಬೇಲೂರಲ್ಲಿ ನಮ್ಮ ಅತ್ತೆ ಮನೇಲಿದೀನಿ. ಸಂಜೆ ಟ್ರೈನಿಗೆ ಅರಸೀಕೆರೆಗೇ ಬರಬೇಕು. ನಾಲ್ಕು ಗಂಟೆಗೆ ನಿಮ್ಮನೇಲಿರ್ತೀನಿ. ಅಸಲಿಯಾಗಿದ್ರೆ ಕೊಂಡ್ಕೋತೀನಿ, ನಿಮ್ಮ ಆಲ್ಬಮ್ಮುಗಳನ್ನೂ ನೋಡ್ತೀನಿ."

ಮರುಳಪ್ಪನಿಗೆ ಕಣ್ಣು ತುಂಬಿ ಬಂತು. ಹನ್ನೊಂದು ದಿನ ಲಕೋಟೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದರೂ ಅವನು ಆ ತಾರೀಖನ್ನು ಓದಿರಲಿಲ್ಲ. ಆ ವಿಷಯ ಈಗ ಯಾರಿಗೂ ಹೇಳಬೇಕಾಗಿರಲಿಲ್ಲ.

"ನಾಲ್ಕು ಗಂಟೆವರೆಗೂ ಟೈಮು" ಎಂದಳು ಉಷಾರಾಣಿ. "ನನ್ನ ಕಣ್ಣೆದುರಿಗೇ ಕೊಳ್ಳಬೇಕು. ಕೊಂಡ್ರೆ ಬೀರು ನಿಮ್ಮದೇ, ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಗುಜರಿ."

ಮರುಳಪ್ಪ ಸುಮ್ಮನೆ ನಾಲ್ಕು ಗಂಟೆಯವರೆಗೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕಾಂಪೌಂಡಿನಾಚೆ ಹಲ್ಲುಜ್ಜುತ್ತಿದ್ದ ಪಕ್ಕದ ಮನೆಯ ಷಡಕ್ಷರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮಾತು ಕೇಳಿ ಬೋರ್‌ವೆಲ್ ಕೊರೆಸಿದ ಮೂರು ಮನೆಯವರು ಅವನ ಜೊತೆ ಮಾತು ಬಿಟ್ಟಿದ್ದರು. ಅದರಿಂದ ಮಿಕ್ಕಿದ ಸಲಹೆಗಳೆಲ್ಲ ಮರುಳಪ್ಪನ ಪಾಲಿಗೆ ಬರುತ್ತಿದ್ದವು.

"ಏನ್ಲಾ ಮರುಳಾ, ಬೆಂಗಳೂರಿನೋರು ಬಾಯಿಮಾತು ನಂಬ್ತಾರೇನ್ಲಾ? ಸರ್ಟಿಫಿಕೇಟು ಬೇಕು ಕಣ್ಲಾ!" ಎಂದ ಬಾಯಿತುಂಬ ನೊರೆಯಿಟ್ಟುಕೊಂಡು.

"ಅವರೇನೂ ಕೇಳಿಲ್ವಲ್ಲ?"

"ಕೇಳೋಕೆ ಮುಂಚೆ ಇಟ್ಕಂಡಿರಬೇಕು. ಹಳೇಬೀಡಲ್ಲಿ ಜವರಯ್ಯ ಅಂತ ಅವ್ರೆ, ರಿಟೈರ್ಡ್ ಪೋಸ್ಟ್‌ಮಾಸ್ಟ್ರು. ನಲವತ್ತು ವರ್ಷ ಸೀಲು ಹೊಡೆದ ಕೈ ಅದು. ಅಸಲಿ ಅಂತ ಒಂದು ಮಾತು ಬರ್ದುಕೊಟ್ರೆ ಸುಪ್ರೀಂ ಕೋರ್ಟೂ ತಲೆಬಾಗತ್ತೆ. ಎಂಟೂವರೆ ಬಸ್ಸಿಗೆ ಹೋಗು, ಎರಡಕ್ಕೆಲ್ಲ ವಾಪಸ್ಸು."

ಎಂಟೂವರೆಯ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಲಕೋಟೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು, ರಟ್ಟನ್ನು ಷರ್ಟಿನೊಳಗೆ ಇಳಿಬಿಟ್ಟು, ಮೇಲೆ ಎರಡೂ ಕೈಯಿಂದ ಎದೆಯನ್ನು ಅದುಮಿಕೊಂಡು ಮರುಳಪ್ಪ ನಿಂತ. ರಸ್ತೆಯ ಪ್ರತಿ ಗುಂಡಿಗೂ ಅವನ ಮುಖ ಹಿಂಡಿಕೊಳ್ಳುತ್ತಿತ್ತು. ಜಾವಗಲ್ ಹತ್ತಿರ ಬರುವಾಗ ಪಕ್ಕದ ಸೀಟಿನ ಹೆಂಗಸು ಅವನನ್ನು ದಿಟ್ಟಿಸಿ ನೋಡಿ ಚೀರಿದಳು.

"ಅಯ್ಯೋ ಕಂಡಕ್ಟ್ರೇ, ಈ ಅಣ್ಣಂಗೆ ಎದೆನೋವು ಬಂದೈತೆ! ಬಸ್ ನಿಲ್ಸ್ರಪ್ಪೋ!"

"ಎದೆನೋವಿಲ್ಲ ತಾಯಿ..." ಎಂದು ಮರುಳಪ್ಪ ಹೇಳುತ್ತಿದ್ದಂತೆಯೇ ನಾಲ್ಕು ಜನ ಅವನನ್ನು ಸೀಟಿನ ಮೇಲೆ ಅಡ್ಡ ಮಲಗಿಸಿದರು. ಒಬ್ಬ ಪೇಪರಿನಿಂದ ಗಾಳಿ ಬೀಸಿದ. ಇನ್ನೊಬ್ಬ ಬಾಟಲಿಯ ಮುಚ್ಚಳ ತೆಗೆದು ಎದೆಯ ಮೇಲೆ ನೀರು ಚಿಮುಕಿಸಲು ಬಂದ. ಸಾಯುವ ಮನುಷ್ಯನಿಗೆ ಇರಬಾರದಷ್ಟು ಚುರುಕಿನಿಂದ ಮರುಳಪ್ಪ ಎದ್ದು ಕೂತ.

"ನೀರು ಬೇಡ! ಒಳಗೆ ಕವರೈತೆ, ಕವರು!"

"ಎಂಥಾ ಕವರು?" ಎಂದ ಕಂಡಕ್ಟರು.

"ಹಳೇ ಪೋಸ್ಟ್ ಕವರು. ಫೆಬ್ರವರಿ ಮೂವತ್ತನೇ ತಾರೀಖಿಂದು."

"ಎದೆಗಲ್ಲ, ತಲೆಗೆ ಬಂದೈತೆ" ಎಂದು ಆ ಹೆಂಗಸು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಹಳೇಬೀಡು ಬರುವವರೆಗೂ ಮರುಳಪ್ಪನ ಸುತ್ತ ಧಾರಾಳವಾಗಿ ಜಾಗ ಸಿಕ್ಕಿತು.

ಜವರಯ್ಯನವರ ಮನೆಯ ನಡುಮನೆಯಲ್ಲಿ ಗಂಧದ ಹಾರ ಹಾಕಿದ ಒಂದು ಫೋಟೋ. ಖಾಕಿ ಕೋಟು, ಬಿಳಿ ಪೇಟ, ಬಿಗಿದ ತುಟಿ.

"ನಮ್ ತಂದೇರು" ಎಂದರು ಎಪ್ಪತ್ತೇಳರ ಜವರಯ್ಯ. "ಇಪ್ಪತ್ತೊಂದು ವರ್ಷ ಪೋಸ್ಟ್‌ಮಾಸ್ಟ್ರು. ತಾರೀಕು ಅಂದ್ರೆ ತಾರೀಕು. ಅವ್ರ ಸೀಲು ನೋಡಿ ಊರೋರು ಪಂಚಾಂಗ ತಿದ್ಕತಿದ್ರು. ನಾನೂ ಅದೇ ಶಿಸ್ತು ಇಟ್ಕಂಡಿವ್ನಿ." ಮೇಜಿನ ಮೇಲಿದ್ದ, ಚಕ್ರ ತಿರುಗಿಸಿ ತಾರೀಖು ಬದಲಿಸುವ ರಬ್ಬರ್ ಸ್ಟಾಂಪನ್ನು ಎತ್ತಿ ತೋರಿಸಿದರು. "ರಿಟೈರಾಗಿ ಇಷ್ಟು ವರ್ಸ ಆದ್ರೂ ಬೆಳಗ್ಗೆ ಎದ್ದೇಟ್ಗೆ ಇದ್ರ ಚಕ್ರ ಒಂದು ಹಲ್ಲು ಮುಂದುಕ್ಕೆ ತಿರುಗುಸ್ತೀನಿ. ಆಮ್ಯಾಕೇ ಕಾಪಿ."

ಇಂಥ ಮನುಷ್ಯನ ಸಹಿ ಸಿಕ್ಕರೆ ಸಾಕೆಂದು ಮರುಳಪ್ಪ ಭಕ್ತಿಯಿಂದ ಲಕೋಟೆಯನ್ನು ಮುಂದಿಟ್ಟ. ಜವರಯ್ಯ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಫೋಟೋವನ್ನೊಮ್ಮೆ ನೋಡಿ ಮೂರನೆಯ ಸಲ ಕನ್ನಡಕ ಒರೆಸಿದರು.

"ಇದ್ನ ಬ್ಯಾರೆ ಯಾರಾದ್ರೂ ನೋಡವ್ರಾ?"

"ನಮ್ಮ ಮನೆಯೋರು ಬಿಟ್ರೆ ಯಾರ ಕೈಗೂ ಕೊಟ್ಟಿಲ್ಲ ಪೋಸ್ಟ್‌ಮಾಸ್ಟ್ರೇ. ಮೊದಲು ನಿಮಗೇ" ಎಂದ ಮರುಳಪ್ಪ ಹೆಮ್ಮೆಯಿಂದ.

"ಒಳ್ಳೇದಾಯ್ತು" ಎಂದು ಜವರಯ್ಯ ಎದ್ದರು. "ಅನುಸೂಯಾ, ಇವ್ರಿಗೆ ರೊಟ್ಟಿ ಹಾಕು. ನಾನು ಒಳಗೆ ಕುಂತು ಲೆನ್ಸ್‌ನಾಗೆ ನೋಡ್ಬೇಕು. ಇದು ಅರ್ಜೆಂಟಿಗೆ ಆಗೋ ಕೆಲ್ಸ ಅಲ್ಲ."

ಕೋಣೆಯ ಬಾಗಿಲು ಮುಚ್ಚಿತು. ಅನುಸೂಯಮ್ಮ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟರು. ಮೂರನೆಯ ರೊಟ್ಟಿ ಮುರಿಯುವಾಗ ಕೋಣೆಯಿಂದ ಕೆರ್ ಕೆರ್ ಎಂದು ಕೆರೆಯುವ ಸದ್ದು ಬಂತು.

"ಏನಮ್ಮ ಅದು?"

"ಇಲಿ ಕಾಟ ಕಣಪ್ಪಾ. ಇನ್ನೊಂದು ರೊಟ್ಟಿ ಹಾಕಲಾ?"

ಇಲಿಯನ್ನು ಮರೆತು ಮರುಳಪ್ಪ ಐದನೆಯ ರೊಟ್ಟಿಯನ್ನೂ ಮುಗಿಸಿದ. ಮುಕ್ಕಾಲು ಗಂಟೆಯ ಮೇಲೆ ಜವರಯ್ಯ ಈಚೆ ಬಂದಾಗ ಅವರ ಹಣೆಯಲ್ಲಿ ಬೆವರಿತ್ತು, ಕೈಯಲ್ಲಿ ಕಂದು ಬಣ್ಣದ ದೊಡ್ಡ ಕವರಿತ್ತು. ಅದರ ಬಾಯಿಗೆ ಐದು ಕಡೆ ಕೆಂಪು ಅರಗಿನ ಮುದ್ರೆ.

"ನಿಮ್ಮ ಲಕೋಟೆ, ನನ್ನ ಸರ್ಟಿಫಿಕೇಟು ಎರಡೂ ಒಳಗವೆ. ಕೊಳ್ಳೋರ ಎದುರಿಗೇ ಒಡೀಬೇಕು. ಮುಂಚೆ ಒಡೆದ್ರೆ ನಾನು ಬರ್ದಿರೋದು ನಡಿಯಾಕಿಲ್ಲ."

ಮರುಳಪ್ಪ ಕಾಲಿಗೆ ನಮಸ್ಕಾರ ಮಾಡಿದ. ಜವರಯ್ಯ ಅವನ ತಲೆಯ ಮೇಲೆ ಕೈಯಿಟ್ಟರು, ಕಣ್ಣು ಮಾತ್ರ ಗೋಡೆಯ ಫೋಟೋದ ಮೇಲಿತ್ತು.

ನಾಲ್ಕು ಗಂಟೆಗೆ ಶಶಿಧರ್ ಬಂದರು. ಅವರಿಗಿಂತ ಕಾಲು ಗಂಟೆ ಮೊದಲೇ ಷಡಕ್ಷರಪ್ಪ ಬಂದು ಸೋಫಾದ ಒಳ್ಳೆಯ ಜಾಗ ಹಿಡಿದಿದ್ದ. ಉಷಾರಾಣಿ ಬೀರುವಿಗೆ ಒರಗಿಕೊಂಡು ನಿಂತಳು. ಮರುಳಪ್ಪ ಮದುವೆಯ ದಿನವೂ ಇಲ್ಲದ ಗಾಂಭೀರ್ಯದಿಂದ ಅರಗು ಒಡೆದು ಲಕೋಟೆ ಕೊಟ್ಟ. ಶಶಿಧರ್ ಲೆನ್ಸು ಹಿಡಿದರು, ಫೋನಿನ ಫೋಟೋ ನೋಡಿದರು, ಮತ್ತೆ ಲೆನ್ಸು ಹಿಡಿದರು.

"ಏನ್ರೀ ಇದು? ಫೋಟೋದಲ್ಲಿ ಮೂವತ್ತು. ಇಲ್ಲಿ ಇಪ್ಪತ್ತು."

"ಎಲ್ಲಿ?" ಮರುಳಪ್ಪ ಬಗ್ಗಿ ನೋಡಿದ. ಫೆಬ್ರವರಿ ಇಪ್ಪತ್ತು, ಸಾವಿರದ ಒಂಬೈನೂರ ಮೂವತ್ತೈದು. ಯಾರ ತಂಟೆಗೂ ಹೋಗದ, ಎಲ್ಲ ವರ್ಷವೂ ಬರುವ ಸಾಧಾರಣ ಫೆಬ್ರವರಿ ಇಪ್ಪತ್ತು.

"ಅಂಕಲ್, ಫೋಟೋ ತೆಗೆದಿದ್ದು ನಾನು. ಏನೂ ಎಡಿಟ್ ಮಾಡಿಲ್ಲ, ಪ್ರಾಮಿಸ್!" ಎಂದಳು ಸಿರಿ.

ಷಡಕ್ಷರಪ್ಪ ಆತುರದಿಂದ ಸರ್ಟಿಫಿಕೇಟನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದ.

"'ಸದರಿ ಲಕೋಟೆಯ ಮೇಲಿನ ಮೊಹರು ಅಸಲಿಯಾಗಿದ್ದು, ದಿನಾಂಕ 20ನೇ ಫೆಬ್ರವರಿ 1935 ಎಂದು ಸ್ಪಷ್ಟವಾಗಿ ನಮೂದಾಗಿರುತ್ತದೆ. ಸದರಿ ಕಾಲದಲ್ಲಿ ಬಿಲ್ವನಕೊಪ್ಪಲಿನ ಪೋಸ್ಟ್‌ಮಾಸ್ಟರ್ ಆಗಿದ್ದ ನನ್ನ ತಂದೆಯವರು ತಾರೀಖಿನ ವಿಷಯದಲ್ಲಿ ಎಂದೂ ತಪ್ಪು ಮಾಡಿದವರಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.'"

ಮರುಳಪ್ಪನ ಕಿವಿಯಲ್ಲಿ ಕೆರ್ ಕೆರ್ ಸದ್ದು ಮತ್ತೆ ಕೇಳಿಸಿತು. "ಇಲಿ!" ಎಂದು ಕಿರುಚಿದ.

ಷಡಕ್ಷರಪ್ಪ ಎರಡೂ ಕಾಲನ್ನು ಸೋಫಾದ ಮೇಲೆ ಎಳೆದುಕೊಂಡ.

"ಇಲ್ಲಿಲ್ಲ, ಹಳೇಬೀಡಲ್ಲಿ! ಸಾರ್, ನಾನು ರೊಟ್ಟಿ ತಿಂತಾ ಇದ್ದೆ, ಅವರು ಒಳಗೆ ಬ್ಲೇಡು ತಗೊಂಡು ಅಪ್ಪನ ಮಾನ ಉಳಿಸಿಕೊಳ್ತಾ ಇದ್ರು ಸಾರ್! ಮೂರನ್ನ ಕೆರೆದು ಎರಡು ಮಾಡಿಬಿಟ್ಟಿದಾರೆ!"

"ಬ್ಲೇಡು ಆಡಿಸಿರೋದು ನನಗೂ ಕಾಣ್ತಿದೆ" ಎಂದರು ಶಶಿಧರ್ ತಣ್ಣಗೆ. "ಎರಡಿದ್ದದ್ದನ್ನ ಮೂರು ಮಾಡಿ ಫೋಟೋ ತೆಗ್ಸಿದೀರಿ. ನಾನು ಬರ್ತೀನಿ ಅಂದ ತಕ್ಷಣ ಹೆದರಿ ಮತ್ತೆ ಎರಡು ಮಾಡಿದೀರಿ. ಪೋಸ್ಟ್‌ಮಾಸ್ಟರ ಸರ್ಟಿಫಿಕೇಟೂ ನೀವೇ ಬರ್ಕೊಂಡಿದೀರಿ."

"ಅಯ್ಯೋ ಶಿವನೇ! ನಲವತ್ತು ವರ್ಷ ಸೀಲು ಹೊಡೆದ ಪೋಸ್ಟ್‌ಮಾಸ್ಟರು ಸಾರ್ ಅವರು! ಅದು ಅವರದ್ದೇ ಸಹಿ, ಅವರದ್ದೇ ಸೀಲು!"

"ಹೌದಾ? ಆ ಸೀಲಲ್ಲಿ ತಾರೀಖು ಏನಿದೆ ಓದಿ."

ಮರುಳಪ್ಪ ಕಾಗದದ ತಳಕ್ಕೆ ಕಣ್ಣಿಟ್ಟ. ನೀಲಿ ಶಾಯಿಯಲ್ಲಿ, ಒಂದು ಚೂರೂ ಅಲುಗದ ಕೈಯಿಂದ ಒತ್ತಿದ ಮುದ್ರೆ ಎದ್ದು ಕಾಣುತ್ತಿತ್ತು. ನವೆಂಬರ್ 31.

"ನಲವತ್ತು ವರ್ಷ ಸೀಲು ಹೊಡೆದೋರು ನವೆಂಬರ್ ಮೂವತ್ತೊಂದು ಅಂತ ಒತ್ತುತ್ತಾರೇನ್ರೀ? ಯಾವ ಪೋಸ್ಟ್‌ಮಾಸ್ಟರು ಇಂಥ ತಪ್ಪು ಮಾಡ್ತಾನೆ?"

"ಅವರ ವಂಶದಲ್ಲೇ ಇದೆ ಸಾರ್!" ಎಂದು ಮರುಳಪ್ಪ ಗೋಗರೆದ. "ಅಪ್ಪ ಮಾಡಿದ್ದನ್ನೇ ಮಗ ಮಾಡಿದಾನೆ. ತಿಂಗಳು ಮುಗಿದಿದ್ದು ಇಬ್ಬರಿಗೂ ಗೊತ್ತಾಗಲ್ಲ!"

ಶಶಿಧರ್ ಕಾಫಿ ಮುಟ್ಟಲಿಲ್ಲ, ಆಲ್ಬಮ್ಮುಗಳ ಕಡೆ ತಿರುಗಿಯೂ ನೋಡಲಿಲ್ಲ. ಹೊಸ್ತಿಲು ದಾಟುವ ಮುಂಚೆಯೇ ಮರುಳಪ್ಪನನ್ನು ಗುಂಪಿನಿಂದ ತೆಗೆದುಹಾಕಿದ್ದಾಗಿ ಫೋನು ಟಿಣ್ ಎಂದು ತಿಳಿಸಿತು.

"ನಾನು ಹೇಳ್ದಂಗೆ ಸರ್ಟಿಫಿಕೇಟು ತಂದಿದ್ದಕ್ಕೆ ಇಷ್ಟರಲ್ಲೇ ಮುಗೀತು ಕಣ್ಲಾ. ಇಲ್ದಿದ್ರೆ ಪೊಲೀಸು ಬರೋರು" ಎಂದು ಷಡಕ್ಷರಪ್ಪ ಸಮಾಧಾನ ಹೇಳಿ, ಅತಿಥಿ ಬಿಟ್ಟುಹೋದ ಕಾಫಿಯನ್ನು ಕುಡಿದು ಎದ್ದುಹೋದ.

ಉಷಾರಾಣಿ ಬೀರುವಿನ ಬಾಗಿಲು ತೆಗೆದು ಆಲ್ಬಮ್ಮುಗಳನ್ನು ಒಂದೊಂದಾಗಿ ತಂದು ಪಡಸಾಲೆಯಲ್ಲಿ ಜೋಡಿಸತೊಡಗಿದಳು. ಮೂವತ್ತು ವರ್ಷ ಜೋಪಾನ ಮಾಡಿದ್ದೆಲ್ಲ ನೆಲಕ್ಕಿಳಿಯುವುದನ್ನು ನೋಡಿ ಮರುಳಪ್ಪನಿಗೆ ನಿಜವಾಗಿಯೂ ಎದೆ ನೋಯಿತು. ಈ ಸಲ ಬಸ್ಸು ನಿಲ್ಲಿಸುವವರು ಯಾರೂ ಇರಲಿಲ್ಲ. ಇಪ್ಪತ್ತೆರಡನೆಯದು ಹೊರಬರುವಾಗ ಅವನಿಗೆ ಏನೋ ಹೊಳೆಯಿತು. ಟೀಪಾಯಿಯ ಮೇಲಿದ್ದ ಸರ್ಟಿಫಿಕೇಟನ್ನು ಎತ್ತಿಕೊಂಡ.

"ಉಷಾ, ಗಡುವು ಕೊಟ್ಟಾಗ ನೀನು ಹೇಳಿದ್ದೇನು? ನವೆಂಬರ್ ಮುಗಿದ ಮೇಲೆ ಗುಜರಿ ಅಂತ ಅಲ್ವೇನೇ?"

"ಹೂಂ. ಅದಕ್ಕೇನೀಗ?"

"ಮುಗಿದಿಲ್ಲ ಕಣೇ. ನೋಡು, ರಿಟೈರ್ಡ್ ಪೋಸ್ಟ್‌ಮಾಸ್ಟರು ಸೀಲು ಹಾಕಿ ಕೊಟ್ಟಿದಾರೆ. ಇವತ್ತು ನವೆಂಬರ್ ಮೂವತ್ತೊಂದು."

ಉಷಾರಾಣಿ ಕಾಗದವನ್ನು ಇಸಿದುಕೊಂಡು ಎರಡು ಸಲ ಓದಿದಳು. ಗಂಡನ ಮುಖವನ್ನು ನೋಡಿದಳು. ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ನಗು ತಡೆಯಲಾರದೆ ಹೊರಗೆ ಬಂತು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಗುಜರಿಯವನ ಕೂಗು ಕೇಳಿಸಿತು. ಅವಳು ಬಾಗಿಲಿಗೆ ಹೋಗಿ ಕೈಬೀಸಿ ಕೂಗಿದಳು.

"ಇವತ್ತು ಬೇಡ ಕಣಪ್ಪಾ! ನಾಳೆ ಬೆಳಿಗ್ಗೆ ಬಾ. ನಾಳೆ ನಮ್ಮನೇಲಿ ಡಿಸೆಂಬರ್ ಒಂದು!"