ವರದಮ್ಮನ ಹಾಡಿನ ಎಂಟನೇ ಪ್ರತಿ

೧೯೭೮ನೇ ಇಸವಿಯಲ್ಲಿ ಸಾಗರದ ಹಾಡು ಸಂರಕ್ಷಣಾ ಕಚೇರಿಯ ವ್ಯಾಪ್ತಿಯಲ್ಲಿ ಒಂದೇ ಒಂದು ಹಾಡೂ ಕಳುವಾಗಲಿಲ್ಲ. ಕದಿಯುವ ಮೊದಲೇ ನಾವು ಕೊಟ್ಟುಬಿಡುತ್ತಿದ್ದೆವು. ನಾನು ಅಲ್ಲಿನ ನಕಲು ಗುಮಾಸ್ತ. ಅಕ್ಷರ ದುಂಡಗಿದೆ ಎಂದು ಮೇಲಿನವರಿಂದ ಹೊಗಳಿಸಿಕೊಂಡವನು, ಸುಳ್ಳು ಹೇಳುವುದಿಲ್ಲ.

ಹಿನ್ನೀರಿನಾಚೆಯ ತುಮರಿಯಿಂದ ಲಾಂಚು ಹತ್ತಿ ವರದಮ್ಮ ಬಂದದ್ದು ಮಗಳ ಮದುವೆಗೆ ಎರಡು ತಿಂಗಳಿರುವಾಗ. ಗಂಡಿನ ಕಡೆಯವರನ್ನು ಗೇಲಿ ಮಾಡಲು ಆಕೆ ಒಂದು ಬೀಗರ ಹಾಡು ಕಟ್ಟಿದ್ದರು:

ಹೋಳಿಗೆ ಹನ್ನೊಂದು ತಿಂದರು ಬೀಗರು
ಲಾಂಚಿಗೆ ಭಾರವೆಂದು ದಡದಲ್ಲೇ ಉಳಿದರು

"ಹೋದ ವರ್ಷ ನಾ ಕಟ್ಟಿದ್ದನ್ನ ಆನಂದಪುರದವ್ರು ಹಾಡಿ ತಮ್ದೇ ಅಂದ್ರು. ಹೊಟ್ಟೆ ಉರೀತದೆ ಮಾರಾಯ್ರೆ. ಇದನ್ನ ಮಗಳ ಮದ್ವೇಲಿ ನಾನೇ ಮೊದ್ಲು ಹಾಡ್ಬೇಕು."

"ಚಿಂತೆ ಬಿಡಿ ಅಮ್ಮ," ಎಂದರು ಅಧಿಕಾರಿ ಮುಕುಂದಯ್ಯ.

ನಿಯಮ ನಾಲ್ಕರಂತೆ, ಕಾಪಾಡಬೇಕಾದ ಹಾಡನ್ನು ಮೂವತ್ತು ದಿನ ನೋಟಿಸ್ ಬೋರ್ಡಿನಲ್ಲಿ ಹಾಕತಕ್ಕದ್ದು. ಏನನ್ನು ಕದಿಯಬಾರದು ಎಂದು ಸಾರ್ವಜನಿಕರಿಗೆ ತಿಳಿಯುವುದಾದರೂ ಹೇಗೆ? ಹಾಕಿದೆವು. ನಕಲು ಕೇಳಿ ಏಳು ಅರ್ಜಿ ಬಂದವು. ಮೊದಲನೆಯದು ತೀರ್ಥಹಳ್ಳಿಯ ವೆಂಕಮ್ಮನವರದು. ನಾಲ್ಕನೆಯದು ಗಂಡಿನ ತಾಯಿ, ಹೊಸನಗರದ ಜಲಜಮ್ಮನವರದು. ಏಳನೆಯದು ನನ್ನ ಹೆಂಡತಿಯದು. ಅವಳಿಗೂ ಸರದಿಯಲ್ಲೇ ಕೊಟ್ಟೆ. ಎಲ್ಲದರ ಮೇಲೂ "ಮೂಲದೊಂದಿಗೆ ಹೋಲಿಸಿದೆ, ಸರಿಯಿದೆ" ಎಂದು ಬರೆದು ಮೊಹರು ಒತ್ತಿದೆ.

ಮೂವತ್ತೊಂದನೇ ದಿನ ಏಳು ಜನರೂ ಹಾಡು ತಮ್ಮದೆಂದು ಹಕ್ಕು ಮಂಡಿಸಿದರು. ವಿಚಾರಣೆ ನಡೆಯಿತು.

"ತೀರ್ಥಹಳ್ಳಿ ವೆಂಕಮ್ಮಂಗೆ ಲಾಂಚು ಎಲ್ಲಿಂದ ಬಂತ್ರೀ?" ಎಂದು ವರದಮ್ಮ ಸಿಡಿದರು.

"ಲಾಂಚು ನಮ್ಮ ಇಲಾಖೆಗೆ ಬರುವುದಿಲ್ಲ," ಎಂದರು ಮುಕುಂದಯ್ಯ. "ಅವರ ಪ್ರತಿಗಳಿಗೆ ಮೊಹರಿದೆ. ನಿಮ್ಮದಕ್ಕೆ?"

"ನಂದು ಮೂಲ! ನಾನೇ ಬರ್ದದ್ದು!"

"ಅದೇ ತೊಂದರೆ ಅಮ್ಮ. ಮೂಲಕ್ಕೆ ಮೊಹರು ಒತ್ತುವ ನಿಯಮವಿಲ್ಲ."

ವರದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಪಾಪ ಅನಿಸಿತು. ಅವರ ಮೂಲವನ್ನು ಜಲಜಮ್ಮನ ನಕಲಿನೊಂದಿಗೆ ಹೋಲಿಸಿ, ಸರಿಯಿದೆ ಎಂದು ಬರೆದು, ಎಂಟನೇ ಪ್ರತಿಯಾಗಿ ನೋಂದಾಯಿಸಿದೆ.

ಮದುವೆಯಲ್ಲಿ ಪ್ರತಿದಾರರು ಕ್ರಮಸಂಖ್ಯೆಯಂತೆ ಹಾಡತಕ್ಕದ್ದು ಎಂದು ಆದೇಶವಾಯಿತು. ಮೇಲ್ವಿಚಾರಣೆಗೆ ನಾನೇ ತುಮರಿಗೆ ಹೋದೆ. ಒಬ್ಬರಾದ ಮೇಲೊಬ್ಬರು ಏಳು ಸಲ ಅದನ್ನೇ ಹಾಡಿದರು. ಜಲಜಮ್ಮನಂತೂ ತಮ್ಮನ್ನೇ ಗೇಲಿ ಮಾಡುವ ಹಾಡನ್ನು ಕಣ್ಣು ಮುಚ್ಚಿ, ಭಕ್ತಿಯಿಂದ ಹಾಡಿದರು. ವರದಮ್ಮನ ಸರದಿ ಬರುವ ಹೊತ್ತಿಗೆ ಜನ ಆಕಳಿಸುತ್ತಿದ್ದರು. ಆಕೆ ಎದ್ದು ನಿಂತು, ನನ್ನನ್ನೇ ನೋಡುತ್ತ ಶುರುಮಾಡಿದರು:

ಹೋಳಿಗೆ ಹನ್ನೊಂದು ತಿಂದ ಗುಮಾಸ್ತ
ಹನ್ನೆರಡನೇದಕ್ಕೆ ಮೊಹರು ಒತ್ತುತ್ತ ಕೂತ

ಚಪ್ಪರಕ್ಕೆ ಚಪ್ಪರವೇ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ಮಂಜೂರಾದ ಪ್ರತಿಗೂ ಇದಕ್ಕೂ ತಾಳೆಯಾಗಲಿಲ್ಲ. ಕರ್ತವ್ಯ ಎಂದರೆ ಕರ್ತವ್ಯ; ಊಟದ ಎಲೆಯ ಮುಂದೆಯೇ ಹೊಸ ಹಾಡನ್ನು ಬರೆದುಕೊಂಡೆ.

ಸೋಮವಾರ ಅದನ್ನು ಬೋರ್ಡಿಗೆ ಹಾಕೋಣವೆಂದು ಕಚೇರಿಯ ಬಾಗಿಲು ತೆಗೆದರೆ ಹೊರಗೆ ಎಂಟು ಜನ ಸಾಲು ನಿಂತಿದ್ದರು. ಎಲ್ಲರಿಗಿಂತ ಮುಂದೆ ವರದಮ್ಮ.

"ನಕಲಿಗೆ ಬಂದೆ ಮಾರಾಯ್ರೆ," ಎಂದರು. "ಈ ಸಲ ಒಂದನೇ ನಂಬರು ನಂದೇ."

ಹೋಲಿಸಿ, ಮೊಹರು ಒತ್ತಿ ಕೊಟ್ಟೆ.