ಗಿರಣಿಯ ಪಾಳಿಯಲ್ಲಿ ಒಂದು ಕಾರು

ಪ್ರಯಾಣ ಮಾಡಿ ದಣಿದವರನ್ನು ನೀವು ನೋಡಿರುತ್ತೀರಿ. ಪ್ರಯಾಣದ ಯೋಜನೆ ಮಾಡಿಯೇ ದಣಿದವನನ್ನು ನೋಡಬೇಕೆಂದಿದ್ದರೆ ಯಾದಗಿರಿಗೆ ಬನ್ನಿ. ನಾನು ಮನೆಯಲ್ಲೇ ಸಿಗುತ್ತೇನೆ. ಕರೆಂಟಿನ ಕಾರು ಕೊಂಡ ಮೇಲೆ ನಾನು ಮನೆಯಲ್ಲಿರುವುದೇ ಹೆಚ್ಚು. ಮೊದಲು ಪರವೂರಿಗೆ ಹೋಗುವುದೆಂದರೆ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವುದು, ಅಷ್ಟೇ. ಬಸ್ಸಿನಲ್ಲಿ ಡೀಸೆಲ್ ಎಷ್ಟಿದೆಯೆಂದು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಈಗ ಶಹಾಪುರಕ್ಕೆ ಹೋಗಿ ಬರಬೇಕಾದರೂ ಹಿಂದಿನ ದಿನವೇ ಪೆನ್ಸಿಲ್ ಹಿಡಿದು ಕೂರುತ್ತೇನೆ. ಎ.ಸಿ. ಹಾಕಿದರೆ ಎಷ್ಟು ದೂರ, ಹಾಕದಿದ್ದರೆ ಎಷ್ಟು, ಎದುರುಗಾಳಿ ಬೀಸಿದರೆ ಎಷ್ಟು, ಹೆಂಡತಿಯ ಅಕ್ಕ ಜೊತೆಗೆ ಬಂದರೆ ಎಷ್ಟು. ಈ ಕೊನೆಯ ಲೆಕ್ಕವನ್ನು ಮಾತ್ರ ಮನಸ್ಸಿನಲ್ಲೇ ಮಾಡುತ್ತೇನೆ. ಎ.ಸಿ. ಹಾಕುವುದಂತೂ ಬಿಟ್ಟೇಬಿಟ್ಟಿದ್ದೇನೆ. "ಕಾರಿಗೆ ಸುಸ್ತಾಗಬಾರದಂತ ನಾವು ಬೆವರಬೇಕೇನ್ರಿ?" ಎಂದು ನನ್ನ ಹೆಂಡತಿ ಶಾಂತಾ ಕೇಳುತ್ತಾಳೆ. ಉತ್ತರವಾಗಿ ನಾನು ಕರವಸ್ತ್ರ ಚಾಚುತ್ತೇನೆ.

ಶಾಂತಾ ಸಮುದ್ರ ನೋಡಿಲ್ಲ. ಭೀಮೆ, ಕೃಷ್ಣೆ, ನಾರಾಯಣಪುರದ ಡ್ಯಾಮು, ಇವಿಷ್ಟೇ ಅವಳು ಕಂಡ ದೊಡ್ಡ ನೀರು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಆದ್ದರಿಂದ ಕಾರು ಬಂದ ದಿನವೇ, ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಅವಳು ಮರುದಿನವೇ ಮರಳಿನಲ್ಲಿ ನಡೆಯಲಿಕ್ಕೆಂದು ರಬ್ಬರ್ ಚಪ್ಪಲಿ ತಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಕ್ಕೆ. ಒಂದು ವರ್ಷವಾಯಿತು, ಚಪ್ಪಲಿ ಕಪಾಟಿನಲ್ಲೇ ಇದೆ. ತಪ್ಪು ನನ್ನದಲ್ಲ, ದಾರಿಯದು. ಫೋನು ತೋರಿಸುವ ಚಾರ್ಜಿಂಗ್ ಯಂತ್ರಗಳಲ್ಲಿ ಒಂದು ಕೆಟ್ಟಿರುತ್ತದೆ, ಇನ್ನೊಂದು ಬೀಗ ಹಾಕಿದ ಗೇಟಿನ ಒಳಗಿರುತ್ತದೆ, ಮತ್ತೊಂದು ಫೋನಿನಲ್ಲಿ ಮಾತ್ರ ಇರುತ್ತದೆ. ಕೊನೆಗೆ ನನಗೆ ಹೊಳೆದದ್ದು ನಮ್ಮ ಬಳಗ. ಒಂದು ನೋಟ್‌ಬುಕ್ಕಿನಲ್ಲಿ ದಾರಿಯುದ್ದಕ್ಕೂ ಇರುವ ಬೀಗರು ನೆಂಟರನ್ನೆಲ್ಲ ಬರೆದೆ. ಬಾಗಲಕೋಟೆಯಲ್ಲಿ ಷಡ್ಡಕ: ದಪ್ಪ ಪ್ಲಗ್ ಇದೆ, ಮಾತಿಲ್ಲ. ಹುಬ್ಬಳ್ಳಿಯಲ್ಲಿ ದೊಡ್ಡಪ್ಪನ ಮಗ: ಮಾತಿದೆ, ಮನೆ ನಾಲ್ಕನೆಯ ಅಂತಸ್ತಿನಲ್ಲಿದೆ. ಕೆಂಭಾವಿಯಲ್ಲಿ ಸೋದರತ್ತೆ ಗಂಗವ್ವ: ಹಿಟ್ಟಿನ ಗಿರಣಿಯೇ ಇದೆ. ಅವಳ ಹೆಸರಿನ ಮುಂದೆ ಮಾತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಬರೆಯಲಿಲ್ಲ.

ಯಾಕೆಂದು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಅತ್ತೆಯ ಗಂಡ, ನನ್ನ ಮಾವ, ತೀರಿಕೊಂಡರು. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಫೋನು ಮಾಡಿದರೆ ನಡೆಯುವುದಿಲ್ಲ. ಬೇರೆಲ್ಲಿಗೋ ಹೊರಟವರು ದಾರಿಯಲ್ಲಿ ಇಳಿದು ಮಾತಾಡಿಸಿದರೆ ಅದೂ ಲೆಕ್ಕಕ್ಕಿಲ್ಲ. ನಾನು ಫೋನು ಮಾಡಿ "ಬರ್ತೀನಿ ಅತ್ತಿ" ಎಂದೆ. ಕಚೇರಿಯಲ್ಲಿ ಗುಮಾಸ್ತ ನಾನು, ರಜೆ ಸಿಗಲಿಲ್ಲ. ಆಮೇಲೆ ರಜೆ ಸಿಕ್ಕಿತು, ಮುಖ ಸಿಗಲಿಲ್ಲ. ತಡವಾದಷ್ಟೂ ನಾಚಿಕೆ, ನಾಚಿಕೆಯಾದಷ್ಟೂ ತಡ. "ಮೊದ್ಲು ಹೋಗಿ ಮಾತಾಡಿಸಿ ಬರ್ರಿ, ಪ್ಲಗ್ಗಿನ ಮಾತು ಆಮ್ಯಾಲ ಆಗ್ಲಿ" ಎಂದಳು ಶಾಂತಾ. ಒಂದೇ ಸಲಕ್ಕೆ ಎರಡೂ ಮುಗಿಯುತ್ತವೆ ಎಂದೆ ನಾನು. ಇಂಥ ಜಾಣತನ ನಮ್ಮ ಕಚೇರಿಯಲ್ಲಿ ನಡೆಯುತ್ತದೆ.

ಅಂತೂ ಮೂರು ದಿನ ರಜೆ ಹಾಕಿ ಹೊರಟೆವು. ಸುರಪುರದ ಏರಿನಲ್ಲಿ ಬ್ಯಾಟರಿಯ ಅಂಕಿ ಇಳಿಯುತ್ತಿದ್ದ ಹಾಗೆ ನನ್ನ ಮಾತೂ ಇಳಿಯಿತು. ಕೆಂಭಾವಿ ಮುಟ್ಟುವ ಹೊತ್ತಿಗೆ ಬ್ಯಾಟರಿ ಕಾಲು ಭಾಗವೂ ಉಳಿದಿರಲಿಲ್ಲ, ನಾನೂ ಅಷ್ಟೇ. ಆ ಗಾಬರಿಯಲ್ಲಿ ಇಳಿದವನೇ ಡಿಕ್ಕಿ ತೆಗೆದು, ಚಾರ್ಜಿಂಗ್ ವೈರಿನ ಚೀಲ ಕೈಗೆತ್ತಿಕೊಂಡು ನೇರ ಗಿರಣಿಯೊಳಗೆ ಹೋದೆ. ಅವತ್ತು ಸಂತೆಯ ದಿನ ಎಂಬುದು ನೋಟ್‌ಬುಕ್ಕಿನಲ್ಲಿರಲಿಲ್ಲ. ಗೋಡೆಗುಂಟ ಜೋಳದ ಚೀಲಗಳು, ಡಬ್ಬಿಗಳು ಪಾಳಿಯಲ್ಲಿ ನಿಂತಿದ್ದವು. ಅವುಗಳನ್ನು ಇಟ್ಟವರು ಸಂತೆಗೆ ಹೋಗಿದ್ದರು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿದ್ದ ಅತ್ತೆ ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

"ಮಾವ ಸತ್ತಾಗ ಬರಲಿಲ್ಲ. ಈಗ ವೈರ್ ಹಿಡಕೊಂಡು ಬಂದೀ" ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

"ಎಲ್ಲಿಗೆ ಹೊಂಟೀರಿ?"

ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ಶಾಂತಾ "ಕಾರವಾರಕ್ಕ್ರಿ ಅತ್ತಿ, ಸಮುದ್ರ ನೋಡಾಕ" ಎಂದುಬಿಟ್ಟಳು.

"ನೋಡ್ರಿ, ನೋಡ್ರಿ. ಆದ್ರ ಗಿರಣಿ ತಿರುಗೂ ಮುಂದ ಗಾಡಿ ಹಚ್ಚಿದ್ರ ಫ್ಯೂಜ್ ಹೋಗ್ತದ. ಮೊದ್ಲು ಜೋಳ, ಆಮ್ಯಾಲ ನಿನ್ನ ಕಾರು. ಪಾಳಿಗೆ ಇಡು ಅದನ್ನ."

ಕೊನೆಯ ಡಬ್ಬಿಯ ಹಿಂದೆ ವೈರಿನ ಚೀಲ ಇಟ್ಟೆ. ಅತ್ತೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಚೀಲ ಎತ್ತು, ಜೋಳ ಸುರಿ, ಹಿಟ್ಟು ತುಂಬು. ಚೀಲ ವಾಪಸು ಒಯ್ಯಲು ಬಂದ ಮುದುಕನೊಬ್ಬ ನನ್ನ ವೈರನ್ನು ನೋಡಿ, "ಗಂಗವ್ವ, ಇದನ್ನೂ ಬೀಸ್ತೀಯೇನು?" ಎಂದು ಕೇಳಿದ. ಪ್ಯಾಂಟು ಶರಟು ಹಾಕಿಕೊಂಡು ಹಿಟ್ಟು ತುಂಬುತ್ತಿದ್ದ ನನ್ನನ್ನು ಕಂಡು, ಬಂದವರೆಲ್ಲ "ಯಾರಿಂವ?" ಎನ್ನುತ್ತಿದ್ದರು. ಅತ್ತೆ ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ಟಳು:

"ನಮ್ಮಣ್ಣನ ಮಗ. ಮಾವ ಹೋದ್ರಂತ ನನ್ನ ಮಾತಾಡಿಸಾಕ ಯಾದಗಿರಿಯಿಂದ ಬಂದಾನ."

ಕಾರಿನ ಮಾತು ಒಬ್ಬರ ಮುಂದೆಯೂ ಆಡಲಿಲ್ಲ. ಅವರು "ಛಲೋ ಆತು, ತಮ್ಮಾ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಹಿಟ್ಟು ತುಂಬುತ್ತಿದ್ದೆ. ಅಷ್ಟೊಂದು ಮಂದಿಯಿಂದ ಒಂದೇ ದಿನ ಮೆಚ್ಚುಗೆ ಪಡೆದದ್ದು ನನ್ನ ಜೀವನದಲ್ಲಿ ಅದೇ ಮೊದಲು, ಅಷ್ಟು ನಾಚಿಕೆಪಟ್ಟದ್ದೂ ಅದೇ ಮೊದಲು.

ನನ್ನ ಪಾಳಿ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಗಿರಣಿ ನಿಲ್ಲಿಸಿ, ತಾನೇ ಪ್ಲಗ್ ಹಾಕಿ, ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ಮಾವ ಕೊನೆಯ ಎರಡು ದಿನ ಏನೂ ತಿನ್ನಲಿಲ್ಲವೆಂದೂ, ಆದರೂ ಗಿರಣಿಯ ಸಪ್ಪಳ ಕೇಳಬೇಕೆಂದು ಹಟ ಹಿಡಿದರೆಂದೂ ಹೇಳಿದಳು. ನಾನು ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು ಅದು. ಅವತ್ತು ಅಲ್ಲೇ ಉಳಿದೆವು. ಬೆಳಗ್ಗೆ ಬ್ಯಾಟರಿ ತುಂಬಿತ್ತು, ಆದರೆ ಉಳಿದ ರಜೆಗೂ ಕಾರವಾರಕ್ಕೂ ಹೇಗೆ ಲೆಕ್ಕ ಹಾಕಿದರೂ ತಾಳೆಯಾಗಲಿಲ್ಲ. "ನಡೀರಿ ಮನಿಗೆ. ಸಮುದ್ರ ಎಲ್ಲಿ ಹೋಗ್ತದ?" ಎಂದಳು ಶಾಂತಾ. ಅತ್ತೆ ಡಿಕ್ಕಿಯಲ್ಲಿ ಒಂದು ಚೀಲ ಜೋಳದ ಹಿಟ್ಟು ಇಡಿಸಿದಳು. ಆ ಭಾರಕ್ಕೆ ಎಷ್ಟು ಕಿಲೋಮೀಟರ್ ಕಡಿಮೆಯಾದೀತೆಂದು ಸುರಪುರದವರೆಗೂ ಲೆಕ್ಕ ಹಾಕುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಈಗ ಶಹಾಪುರದ ಹತ್ತಿರ ರಸ್ತೆ ಬದಿಗೇ ಹೊಸ ಚಾರ್ಜಿಂಗ್ ಯಂತ್ರ ಬಂದಿದೆ. ಚಹಾ ಕುಡಿದು ಏಳುವಷ್ಟರಲ್ಲಿ ಅರ್ಧ ತುಂಬುತ್ತದೆ. ಬರುವ ತಿಂಗಳು ಮತ್ತೆ ಕಾರವಾರಕ್ಕೆ ಹೊರಡುವುದೆಂದು ನಿಶ್ಚಯವಾಗಿದೆ. ಈ ಸಲ ಆರು ದಿನದ ರಜೆ. "ಶಹಾಪುರದಾಗ ತುಂಬಿಸಿಕೊಂಡ್ರ ಅತ್ತಿಗೆ ತ್ರಾಸ ಕೊಡೂದು ತಪ್ತದ" ಎಂದಳು ಶಾಂತಾ. ಆ ಯಂತ್ರವನ್ನು ನಂಬುವಂತಿಲ್ಲ ಎಂದೆ. ಅವಳು ಕಪಾಟಿನಿಂದ ಚಪ್ಪಲಿ ತೆಗೆದು ಧೂಳು ಝಾಡಿಸುತ್ತ, "ಮತ್ತ ಸಂತಿ ದಿನಾನ ಹೋಗೂಣೇನು?" ಎಂದು ಕೇಳಿದಳು. ನಾನು ಪೆನ್ಸಿಲ್ ಹುಡುಕುವವನಂತೆ ಒಳಗೆ ಹೋದೆ. ನಿಮ್ಮ ಮುಂದೆ ಮುಚ್ಚಿಡುವುದೇನು, ಶಹಾಪುರದ ಯಂತ್ರವನ್ನು ಎರಡು ಸಲ ಹೋಗಿ ಪರೀಕ್ಷಿಸಿ ಬಂದಿದ್ದೇನೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಬರಿಗೈಯಲ್ಲಿ ಅತ್ತೆಯ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಿನ್ನೂ ಬಂದಿಲ್ಲ. ವೈರು ಹಿಡಿದು ಹೋದರೆ ಪಾಳಿಯಲ್ಲಿ ಒಂದು ಜಾಗವಾದರೂ ಸಿಗುತ್ತದೆ.